ಕೆಂಚನಹಟ್ಟಿಯ ಮಜ್ಜಿಗೆ ಗಡಿಗೆ

ಸೋಮವಾರ ಬೆಳಗಿನಿಂದಲೇ ಆಷಾಢದ ಗಾಳಿ ಬೀಸುತ್ತಿತ್ತು. ಗಿರಿನಗರದ ಆ ಹಳೆಯ ಮನೆಯ ಎರಡನೇ ಮಹಡಿಯಲ್ಲಿ ಕಿಟಕಿಗಳಿಗೆ ಕೊಂಡಿ ಸರಿಯಿರಲಿಲ್ಲ. ಯಾರೋ ಹಳೇ ಕೀಬೋರ್ಡಿನ ವೈರನ್ನು ಸರಳಿಗೆ ಸುತ್ತಿ ಬಿಗಿದಿದ್ದರು, ಆದರೂ ಗಾಳಿ ಜೋರಾದಾಗಲೆಲ್ಲ ಒಂದು ಬಾಗಿಲು ಬಡಿದುಕೊಳ್ಳುತ್ತಿತ್ತು. ಅರೆಕೆರೆಯಿಂದ ಎರಡು ಬಸ್ಸು ಹಿಡಿದು ಒಂಬತ್ತೂವರೆಗೆ ಬಂದು ಕೂತ ಶೈಲಶ್ರೀ, ಹನ್ನೊಂದರ ಹೊತ್ತಿಗೆ ಕೆಂಚನಹಟ್ಟಿಯ ಹದಿನಾಲ್ಕು ಮನೆಗಳ ಬಾಗಿಲು ತಟ್ಟಿ ಮುಗಿಸಿದ್ದಳು.

ಕೆಂಚನಹಟ್ಟಿ ಭೂಮಿಯ ಮೇಲೆ ಎಲ್ಲೂ ಇಲ್ಲ. ಈ ಕಚೇರಿಯ ಒಂಬತ್ತು ಜನ ಐದು ವರ್ಷದಿಂದ ಕಟ್ಟುತ್ತಿದ್ದ ವಿಡಿಯೋ ಗೇಮಿನ ಊರು ಅದು. ಆಡುವವನು ದಾರಿಹೋಕನಾಗಿ ಊರಿಗೆ ಬರಬೇಕು, ಕಂಡವರನ್ನು ಮಾತಾಡಿಸಬೇಕು, ಅವರು ಹೇಳಿದ ಕೆಲಸ ಮಾಡಿಕೊಡಬೇಕು. ಒಬ್ಬೊಬ್ಬರ ತಲೆಯ ಮೇಲೂ ನಂಬಿಕೆಯ ಹಸಿರು ಪಟ್ಟಿಯೊಂದಿದೆ, ಅದನ್ನು ಮೆಲ್ಲಗೆ ಏರಿಸಬೇಕು. ಊರ ಗೌಡ್ತಿಯ ನಂಬಿಕೆ ನೂರು ಮುಟ್ಟಿದರೆ ಅವಳು ಕೆರೆಯ ತೂಬಿನ ಮನೆಯ ಬೀಗದಕೈ ಕೊಡುತ್ತಾಳೆ. ಬತ್ತಿಹೋದ ಕೆರೆಯ ಗುಟ್ಟು ಅಲ್ಲಿದೆ, ಅದು ತಿಳಿದರೆ ಆಟ ಮುಗಿಯುತ್ತದೆ. ಎಷ್ಟೇ ಚುರುಕಾಗಿ ಆಡಿದರೂ ಹತ್ತು ಗಂಟೆ ಬೇಕು ಎಂದು ಲೆಕ್ಕ ಹಾಕಿದ್ದರು.

ತಪ್ಪು ಹುಡುಕುವುದು ಶೈಲಶ್ರೀಯ ಕೆಲಸ. ಎಲ್ಲರನ್ನೂ ಮಾತಾಡಿಸಬೇಕು, ಎಲ್ಲ ಉತ್ತರಗಳನ್ನೂ ಒತ್ತಿ ನೋಡಬೇಕು, ಗೋಡೆಗಳಿಗೆ ಹಾಯಬೇಕು, ಬಾವಿಗೆ ಹಾರಬೇಕು. ಕಂಡ ತಪ್ಪನ್ನು ಕಚೇರಿಯ ಬಗ್ ಪಟ್ಟಿಗೆ ಏರಿಸಬೇಕು. ಊರಲ್ಲಿ ಮೊರ ಹಿಡಿದು ರಾಗಿಯ ಕಲ್ಲು ಆರಿಸಿದವಳಿಗೆ ಇದು ಹೊಸ ಕೆಲಸ ಅನ್ನಿಸಿರಲಿಲ್ಲ. ಕಣ್ಣು ಒಂದೇ ಕಡೆ ಇರಬೇಕು, ಕೈ ಅವಸರ ಮಾಡಬಾರದು, ಅಷ್ಟೆ.

ಬೇಸರವೆಂದರೆ ಆ ಊರಿನವರ ಮಾತು. ಕುರಿ ಕಾಯುವವನ ಎದುರು ನಿಂತರೆ ಅವನು ಕಂಬಳಿ ಸರಿಮಾಡಿಕೊಂಡು ಹೇಳುತ್ತಿದ್ದ: "ಸ್ವಾಗತ, ಪಥಿಕನೇ. ಇಂದಿನ ಹವಾಮಾನವು ಆಹ್ಲಾದಕರವಾಗಿದೆ, ಅಲ್ಲವೇ? ನನ್ನ ಕುರಿಗಳು ನನ್ನನ್ನು ಚಿಂತೆಗೀಡು ಮಾಡಿವೆ. ನೀನು ಅವುಗಳ ಕುರಿತು ಹೆಚ್ಚು ತಿಳಿಯಲು ಬಯಸುವೆಯಾ?"

ಉತ್ತರಕ್ಕೆ ಮೂರು ದಾರಿ ಇದ್ದವು. ಹೌದು ಎಂದರೂ ಅವನು ಕುರಿಯ ಕಥೆ ಹೇಳುತ್ತಿದ್ದ, ಇಲ್ಲ ಎಂದರೂ ಹೇಳುತ್ತಿದ್ದ, ನಾನು ಹೊರಡಬೇಕು ಎಂದರೆ "ಹಾಗಾದರೆ ಕೇಳು" ಎಂದು ಹೇಳುತ್ತಿದ್ದ. ನಡುವೆ ನಿಲ್ಲಿಸುವ ಗುಂಡಿ ಇರಲಿಲ್ಲ. ಶೈಲಶ್ರೀ ಆ ಕಥೆಯನ್ನು ಮುನ್ನೂರು ಸಲವಾದರೂ ಕೇಳಿದ್ದಳು.

ಹನ್ನೊಂದೂಕಾಲರ ಸುಮಾರಿಗೆ ಅವಳ ದಾರಿಹೋಕ ಬೇವಿನಕಟ್ಟೆ ದಾಟುವಾಗ, ಹೋದ ವಾರದವರೆಗೆ ಇಲ್ಲದ ಮುದುಕಿಯೊಬ್ಬಳು ಗೋಡೆಯ ಬದಿಯಿಂದ ಎದ್ದು ಬಂದಳು. ಕೆದರಿದ ತಲೆ, ಹರಕು ಸೀರೆ. ತಲೆಯ ಮೇಲೆ 'ಹುಚ್ಚಜ್ಜಿ' ಎಂಬ ಹೆಸರು.

"ಯಾರವ್ವಾ ನೀನು? ಬಿಸ್ಲಾಗೆ ನಿಂತಿದ್ದೀಯಲ್ಲ ತಾಯಿ, ಒಳಾಕೆ ಬಾ. ಉಂಡ್ಯಾ?"

ಶೈಲಶ್ರೀಯ ಕೈ ಗುಂಡಿಯ ಮೇಲೇ ನಿಂತಿತು. ದಾರಿಹೋಕ ಎರಡು ಹೆಜ್ಜೆ ಸರಿದ. ಮುದುಕಿ ಹಿಂದೆಯೇ ಬಂದಳು. "ಯಾರವ್ವಾ ನೀನು? ಬಿಸ್ಲಾಗೆ ನಿಂತಿದ್ದೀಯಲ್ಲ ತಾಯಿ, ಒಳಾಕೆ ಬಾ. ಉಂಡ್ಯಾ?"

"ಬಂದ್ಲಾ ಅಜ್ಜಿ?" ಪಕ್ಕದ ಮೇಜಿನ ಸುಮೇಧ ಕುರ್ಚಿ ಎಳೆದುಕೊಂಡು ಬಂದ. ಆಟದ ಪ್ರೋಗ್ರಾಂ ಬರೆಯುವವನು ಅವನು. "ಇರು, ತಮಾಷೆ ತೋರಿಸ್ತೀನಿ. ಈ ಗುಂಡಿ ಒತ್ತಿದ್ರೆ ತಳ್ಳಬಹುದು." ಒತ್ತಿದ. ಮುದುಕಿ ಕಾಲು ಮೇಲಾಗಿ ಬಿದ್ದಳು. ಚರಂಡಿಗೆ ಕುಂಬಳಕಾಯಿ ಬಿದ್ದಂಥ ಸದ್ದು. ಎದ್ದು ಮಣ್ಣು ಕೊಡವಿಕೊಂಡು ಮತ್ತೆ ಕೇಳಿದಳು: "ಉಂಡ್ಯಾ?"

"ಎಷ್ಟು ಸಲ ತಳ್ಳಿದ್ರೂ ಸಿಟ್ಟೇ ಬರಲ್ಲ ಇವಳಿಗೆ," ಎಂದು ಸುಮೇಧ ಇನ್ನೂ ಎರಡು ಸಲ ಬೀಳಿಸಿದ.

ಅದು ಶೈಲಶ್ರೀಯ ಅವ್ವನ ಮಾತು. ಹಿರಿಯೂರಿನ ಆಚೆಯ ಹಳ್ಳಿಯಲ್ಲಿ ಅವ್ವ ಮರೆವಿನ ಕಾಯಿಲೆ ಬಂದ ಮೇಲೆ ಎರಡು ವರ್ಷ ಬದುಕಿದ್ದಳು. ಇದ್ದ ಕೆಲಸ ಬಿಟ್ಟು ಹೋಗಿ ನೋಡಿಕೊಂಡವಳು ಶೈಲಶ್ರೀ. ಹಿತ್ತಲಿಗೆ ಹೋಗಿ ಬಂದರೂ ಅವ್ವನಿಗೆ ಮಗಳು ಹೊಸಬಳು. ಬಾಗಿಲಲ್ಲಿ ಕಂಡಾಗಲೆಲ್ಲ ಇದೇ ಮಾತು, ಇದೇ ದನಿ. ಮಗಳೆಂದು ಗುರುತು ಸಿಗುತ್ತಿರಲಿಲ್ಲ, ಆದರೆ ಬಾಗಿಲಿಗೆ ಬಂದವರನ್ನು ಒಳಗೆ ಕರೆಯಬೇಕು ಎನ್ನುವುದು ಮರೆತಿರಲಿಲ್ಲ. ಕಚೇರಿಗೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ವಸಿಷ್ಠ ಕೇಳಿದ್ದ, ನಿಮ್ಮ ಕಡೆ ಅಜ್ಜಿಯರು ಬಂದವರನ್ನ ಹೆಂಗೆ ಮಾತಾಡಿಸ್ತಾರೆ ಅಂತ. ಅವಳು ಎಲ್ಲವನ್ನೂ ಹೇಳಿದ್ದಳು. ಅವನು ಊಟ ಬಿಟ್ಟು ಫೋನಿನಲ್ಲಿ ಬರೆದುಕೊಂಡಿದ್ದ.

ವಸಿಷ್ಠ ಈ ಆಟದ ಕಥೆಗಾರ. ಆಟದ ನಿಯಮಗಳೂ ಅವನವೇ. ಜಯನಗರದಲ್ಲಿ ಹುಟ್ಟಿ ಬೆಳೆದವನು, ದೊಡ್ಡ ಕೆಲಸ ಬಿಟ್ಟು ಇದಕ್ಕೆ ಕೂತವನು. ನಾಲ್ಕು ಸಾವಿರ ಮಾತುಗಳನ್ನು ಒಬ್ಬನೇ ಬರೆದಿದ್ದ. ಶೈಲಶ್ರೀ ಅವನ ಮೇಜಿನ ಹತ್ತಿರ ಹೋಗಿ ನಿಂತಳು.

"ಸಾರ್, ಆ ಅಜ್ಜಿ ಮಾತು ತೆಗೀರಿ."

"ಯಾವ ಅಜ್ಜಿ?"

"ಹುಚ್ಚಜ್ಜಿ. ಅದು ನಮ್ಮವ್ವನ ಮಾತು. ನಾನೇ ನಿಮಗೆ ಹೇಳಿದ್ದು."

ವಸಿಷ್ಠ ಕುರ್ಚಿ ತಿರುಗಿಸಿದ. "ನಿಮ್ಮವ್ವ ಕಾಪಿರೈಟ್ ಮಾಡಿಸಿದ್ರಾ?"

ಸುಮೇಧ ನಕ್ಕ. ಆಚೆ ಮೇಜಿನವರೂ ಹೆಡ್‌ಫೋನು ಕೆಳಗಿಳಿಸಿದರು.

"ಮಾತು ಬೇಕಾದ್ರೆ ಇಟ್ಕೊಳ್ಳಿ ಸಾರ್. ಹುಚ್ಚಿ ಬಾಯಲ್ಲಿ ಬೇಡ. ಗೌಡ್ತಿ ಬಾಯಲ್ಲಿ ಇಡಿ, ಕುರಿಯೋನ ಹೆಂಡ್ತಿ ಬಾಯಲ್ಲಿ ಇಡಿ."

"ಗೌಡ್ತಿ ಹಿಂಗ್ ಮಾತಾಡಿದ್ರೆ ಆಡೋನು ಅವಳನ್ನ ಗೌಡ್ತಿ ಅಂತ ಒಪ್ತಾನೇನಮ್ಮ? ಸ್ವಲ್ಪ ಘನತೆ ಬೇಕು. ಇದು ಕಾಮಿಡಿಗೆ ಸಖತ್ತಾಗಿ ಕೂತಿದೆ. ಟ್ರೇಲರ್‌ನಲ್ಲೂ ಹಾಕ್ತಿದ್ದೀವಿ."

"ತಳ್ಳೋದಾದ್ರೂ ತೆಗೀರಿ."

"ಯಾಕೆ? ಬಿದ್ರೆ ನಿಮ್ಮವ್ವನಿಗೆ ನೋವಾಗುತ್ತಾ?" ಅವನು ಕೂತವರ ಕಡೆ ನೋಡಿದ. ನಗು ಸಾಲದೆಂದು ಇನ್ನೂ ಒಂದು ಹೆಜ್ಜೆ ಹೋದ. "ನೀನೇ ಹೇಳಿದ್ಯಲ್ಲ ಶೈಲಾ, ಕೊನೇಲಿ ಅವರಿಗೆ ತಲೆ ನೆಟ್ಟಗಿರಲಿಲ್ಲ ಅಂತ. ನಾನೇನು ಇಲ್ಲದ್ದು ಬರೆದಿದ್ದೀನಾ?"

 ಕಿಟಕಿಯ ಬಾಗಿಲು ಒಂದು ಸಲ ಬಡಿದುಕೊಂಡಿತು.

"ಗುರುವಾರ ಬಸವಪ್ರಸಾದ್ ಅವರು ಆಟ ನೋಡೋಕೆ ಬರ್ತಿದ್ದಾರೆ," ವಸಿಷ್ಠ ದನಿ ತಗ್ಗಿಸಿದ. "ಅವರು ದುಡ್ಡು ಹಾಕಿದ್ರೆ ಇದು ಮುಗಿಯುತ್ತೆ, ಇಲ್ಲಾಂದ್ರೆ ಎಲ್ಲರೂ ಮನೆಗೆ. ಇಂಥಾ ಹೊತ್ತಲ್ಲಿ ಅವ್ವ ಅಪ್ಪ ಅಂತ ಬರಬೇಡ. ನಿನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು ಯಾರು ಅಂತ ಸ್ವಲ್ಪ ನೆನಪಿರ್ಲಿ."

ಅದು ನಿಜ. ಎರಡು ವರ್ಷ ಮನೆಯಲ್ಲಿ ಕೂತವಳು ಎಂದು ಮೂರು ಕಂಪನಿಗಳು ಅವಳನ್ನು ಬಾಗಿಲಿಂದಲೇ ಕಳಿಸಿದ್ದವು. ಇಲ್ಲಿಯೂ ಕಚೇರಿಯ ಒಡತಿ ಜ್ಯೋತ್ಸ್ನಾ ಬೇಡವೆಂದೇ ಹೇಳಿದ್ದಳು. ಈ ಹೆಂಗಸು ಗೋಡೆ ಮೇಲಿನ ಗಡಿಯಾರ ಎರಡು ನಿಮಿಷ ಹಿಂದಿರೋದನ್ನ ಬಂದ ತಕ್ಷಣ ನೋಡಿದಳು, ನನಗೆ ಇವಳೇ ಬೇಕು ಎಂದು ಹಟ ಹಿಡಿದವನು ವಸಿಷ್ಠ. ಆ ಕೆಲಸದಿಂದಲೇ ಅರೆಕೆರೆಯ ಬಾಡಿಗೆ ಮನೆ, ತಂಗಿಯ ಓದು ನಡೆದಿದ್ದವು. ಅವನು ಅದನ್ನು ತಿಂಗಳಿಗೊಮ್ಮೆಯಾದರೂ ನೆನಪಿಸುತ್ತಿದ್ದ. ಅವನು ನೆನಪಿಸದಿದ್ದರೂ ಅವಳಿಗೆ ಮರೆಯುತ್ತಿರಲಿಲ್ಲ.

ಮಧ್ಯಾಹ್ನ ಮಜ್ಜಿಗೆ ಗಡಿಗೆಯ ಸರದಿ ಬಂತು.

ಆಟದಲ್ಲಿ ಗೌಡ್ತಿಯ ಮನೆಗೆ ಹೋಗಿ ಮಜ್ಜಿಗೆ ಕೇಳಬಹುದು. ಅವಳು ಗಡಿಗೆಯಲ್ಲಿ ಕೊಡುತ್ತಾಳೆ. ಕುಡಿದರೆ ದಾರಿಹೋಕನ ದಣಿವು ಆರುತ್ತದೆ. ಬರೀ ಗಡಿಗೆಯನ್ನು ಹಿಂತಿರುಗಿಸಿದರೆ ಗೌಡ್ತಿಯ ನಂಬಿಕೆ ಐದು ಏರುತ್ತದೆ. ಶೈಲಶ್ರೀ ಇದನ್ನು ಮೂರು ಸಲ ಬಗ್ ಪಟ್ಟಿಗೆ ಬರೆದಿದ್ದಳು. ಯಾರಾದರೂ ಏನಾದರೂ ಹಾಕಿ ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ, ನಾಲ್ಕು ಹಸಿಮೆಣಸಿನಕಾಯಿ, ಒಂದು ಹಿಡಿ ಅವರೆಕಾಯಿ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ ಹಾಕಿ ಕೊಡುತ್ತಾರೆ. ಬರಿದಾಗಿ ಕೊಟ್ಟರೆ ನಂಬಿಕೆ ಇಳಿಯಬೇಕು, ಏರಬಾರದು. ಹೀಗೆ ಬರೆದಿದ್ದಳು.

ವಸಿಷ್ಠ ಮೊದಲನೆಯದರ ಕೆಳಗೆ 'ಇದು ತಪ್ಪಲ್ಲ' ಎಂದು ಬರೆದು ಮುಚ್ಚಿದ. ಎರಡನೆಯದರ ಕೆಳಗೆ 'ಇದು ಗೇಮು, ನಿಮ್ಮೂರಲ್ಲ' ಎಂದು ಬರೆದ. ಮೂರನೆಯದನ್ನು ಹೋದ ತಿಂಗಳ ಒಂದು ಮೀಟಿಂಗಿನಲ್ಲಿ ಹಳ್ಳಿ ರಾಗ ಎಳೆದು ಗಟ್ಟಿಯಾಗಿ ಓದಿದ. "ಅವ್ರೇಕಾಯಿ ಆಕ್ಬೇಕಂತೆ ಕಣ್ರಪ್ಪೋ." ಆಮೇಲೆ ಅದರ ಕೆಳಗೂ ಬರೆದ: 'ಗಡಿಗೆಯ ವಿಷಯ ಇನ್ನು ಈ ಪಟ್ಟಿಯಲ್ಲಿ ಬರಕೂಡದು.' ಅವತ್ತಿಂದ ಕಚೇರಿಯಲ್ಲಿ ಕೆಲವರು ಅವಳನ್ನು 'ಅವರೆಕಾಯಿ' ಎಂದೇ ಕರೆಯುತ್ತಿದ್ದರು.

ಈಗ ಅವಳು ಗಡಿಗೆ ಕೊಟ್ಟಳು. ಐದು ಏರಿತು. "ಪಥಿಕನೇ, ನಿನ್ನ ಪ್ರಾಮಾಣಿಕತೆಯು ನನ್ನ ಹೃದಯವನ್ನು ತಟ್ಟಿತು," ಎಂದಳು ಗೌಡ್ತಿ. ಮೊದಲೆಲ್ಲ ಒಂದು ಹಗಲಿಗೆ ಒಂದೇ ಸಲ ಮಜ್ಜಿಗೆ ಸಿಗುತ್ತಿತ್ತು. ಹೋದ ವಾರ ದಣಿವಿನ ಲೆಕ್ಕ ಬದಲಾಯಿಸುವಾಗ ಆ ತಡೆ ಬಿದ್ದುಹೋದಂತಿತ್ತು. ಅವಳು ಸುಮ್ಮನೆ ಮತ್ತೆ ಕೇಳಿದಳು. ಗೌಡ್ತಿ ಮತ್ತೆ ಕೊಟ್ಟಳು. ಮತ್ತೆ ಕುಡಿದು ಮತ್ತೆ ಹಿಂತಿರುಗಿಸಿದಳು. ಹತ್ತಾಯಿತು, ಹದಿನೈದಾಯಿತು. ಅದೇ ಮಾತು, ಅದೇ ಹೃದಯ, ಅದೇ ತಟ್ಟುವಿಕೆ. ಇಪ್ಪತ್ತನೆಯ ಸಲಕ್ಕೆ ಪಟ್ಟಿ ನೂರಾಯಿತು. ಗೌಡ್ತಿ ಸೊಂಟದಿಂದ ಬೀಗದಕೈ ಬಿಚ್ಚಿ ಕೊಟ್ಟಳು. ದಾರಿಹೋಕ ತೂಬಿನ ಮನೆಗೆ ಹೋದ, ಗುಟ್ಟು ತಿಳಿಯಿತು, ಕೆರೆಗೆ ನೀರು ಬಂತು. ಆಟ ಮುಗಿಯಿತು.

ಹನ್ನೊಂದು ನಿಮಿಷ.

ಅವಳು ಸುತ್ತ ನೋಡಿದಳು. ಯಾರೂ ನೋಡುತ್ತಿರಲಿಲ್ಲ. ಬಗ್ ಪಟ್ಟಿ ತೆರೆದು 'ಮಜ್ಜಿಗೆ ಗಡಿಗೆ' ಎಂದು ಟೈಪು ಮಾಡಿದಳು. ಬೆರಳು ಅಲ್ಲಿಗೇ ನಿಂತಿತು. ಪಕ್ಕದಲ್ಲಿ ಸುಮೇಧ ಯಾರಿಗೋ ಅಜ್ಜಿಯನ್ನು ಬೀಳಿಸಿ ತೋರಿಸುತ್ತಿದ್ದ. ಉಂಡ್ಯಾ? ಧಡ್. ಉಂಡ್ಯಾ? ಧಡ್. ಅವಳು ಟೈಪು ಮಾಡಿದ್ದನ್ನು ಅಳಿಸಿ, ನೀರು ಕುಡಿಯಲು ಎದ್ದುಹೋದಳು.

ಮಂಗಳವಾರ ಏನೂ ಹೇಳಲಿಲ್ಲ. ರಾತ್ರಿ ನಿದ್ದೆ ಚೆನ್ನಾಗಿಯೇ ಬಂತು. ಬುಧವಾರ ಬಸ್ಸಿನಲ್ಲಿ ಕೂತಾಗ ಮಾತ್ರ ಲೆಕ್ಕ ಹಾಕಿದಳು. ಸುಮೇಧನಿಗೆ ಹೇಳಿದರೆ ಅರ್ಧ ದಿನದ ಕೆಲಸ. ಒಂಬತ್ತು ಜನರ ಅನ್ನ ಅದು, ಅದರಲ್ಲಿ ತನ್ನದೂ ಒಂದು. ಅವಳು ಬಂದವಳೇ ವಸಿಷ್ಠನ ಮೇಜಿಗೆ ಹೋದಳು. ಅವನು ಎರಡು ದಿನದಿಂದ ಮನೆಗೆ ಸರಿಯಾಗಿ ಹೋಗಿರಲಿಲ್ಲ. ಗಡ್ಡ ಬೆಳೆದಿತ್ತು, ಇಡ್ಲಿ ಪೊಟ್ಟಣ ಬಿಚ್ಚದೆ ತಣ್ಣಗಾಗಿತ್ತು.

"ಸಾರ್, ಗಡಿಗೆದು ಒಂದು ವಿಷಯ..."

"ಗಡಿಗೆ!" ವಸಿಷ್ಠ ಎರಡೂ ಕೈ ಮೇಲೆತ್ತಿದ. "ಸುಮೇಧಾ, ಬಂತಪ್ಪ ಅವರೆಕಾಯಿ ಸೀಸನ್ನು. ಶೈಲಾ, ಕೈಮುಗಿದು ಕೇಳ್ಕೋತೀನಿ. ನಾಳೆ ಆ ಮನುಷ್ಯ ಹೋಗೋವರೆಗೂ ನಿನ್ನ ಬಾಯಿಂದ ಗಡಿಗೆ ಅನ್ನೋ ಮಾತು ಬಂದ್ರೆ ಅವತ್ತೇ ಕೊನೆ. ಅರ್ಥ ಆಯ್ತಾ?"

"ಆಯ್ತು ಸಾರ್."

"ಏನಾಯ್ತು, ಹೇಳು?"

"ಗಡಿಗೆ ವಿಷಯ ಎತ್ತಲ್ಲ."

ತನ್ನ ಜಾಗಕ್ಕೆ ಬಂದು ಕೂತಳು. ಹೇಳಲು ಹೋಗಿದ್ದೆ, ಅವನೇ ಬೇಡವೆಂದ, ಎನ್ನುವುದು ಒಂದು ಮಾತಾಯಿತು. ಆದರೆ ಅವನು ಬಾಯಿ ಮುಚ್ಚಿಸಿದ ಗಳಿಗೆಯಲ್ಲಿ ಒಳಗೆ ಏನೋ ಹಗುರಾದದ್ದೂ ಅವಳಿಗೆ ಗೊತ್ತಿತ್ತು. ಅದನ್ನು ಅವಳು ವಿಧೇಯತೆ ಎಂದು ಕರೆಯಲು ಹೋಗಲಿಲ್ಲ.

ಗುರುವಾರ ಹನ್ನೊಂದಕ್ಕೆ ಬಸವಪ್ರಸಾದ್ ಬಂದರು. ಅರಸೀಕೆರೆ ಕಡೆಯವರು. ಬನಶಂಕರಿಯಲ್ಲಿ ಪೈಪು, ಮೋಟಾರುಗಳ ದೊಡ್ಡ ವ್ಯಾಪಾರ. ಹಣೆಯ ವಿಭೂತಿ ಬೆವರಿಗೆ ಅಳಿಸಿರಲಿಲ್ಲ. ಕೂತವರೇ ಜ್ಯೋತ್ಸ್ನಾಗೆ ಹೇಳಿದರು: "ಆಷಾಢ ನೋಡಮ್ಮ, ಇವತ್ತು ನೋಡೋದಷ್ಟೇ. ಮನಸ್ಸಿಗೆ ಬಂದ್ರೆ ಶ್ರಾವಣ ಹುಟ್ಟಿದ ಮೊದಲ್ನೇ ಸೋಮವಾರ ಸಹಿ. ನಮ್ಮ ಮಗ ಸೊಸೆ ಎಲ್ಲಾ ಇದ್ರಲ್ಲೇ ಮುಳುಗಿರ್ತಾರೆ. ಏನೈತೆ ಇದ್ರಾಗೆ ಅಂತ ನಾನೂ ನೋಡೋಣ."

"ನಾನು ಆಡಿ ತೋರಿಸ್ತೀನಿ ಸಾರ್," ಎಂದ ವಸಿಷ್ಠ. ನಲವತ್ತು ನಿಮಿಷದ ದಾರಿಯೊಂದನ್ನು ಅವನು ಬಾಯಿಪಾಠ ಮಾಡಿಕೊಂಡಿದ್ದ.

"ಬ್ಯಾಡ, ನಾನೇ ಆಡ್ತೀನಿ. ಮೋಟಾರು ತಗೊಳ್ಳೋನು ಸ್ವಿಚ್ಚು ತಾನೇ ಹಾಕಿ ನೋಡ್ತಾನೆ."

ಗುಂಡಿಗಳನ್ನು ತೋರಿಸಲು ಒಬ್ಬರು ಪಕ್ಕದಲ್ಲಿ ಕೂರಬೇಕಿತ್ತು. ಜ್ಯೋತ್ಸ್ನಾ ಶೈಲಶ್ರೀಯನ್ನು ಕರೆದಳು. ಉಳಿದವರು ಹಿಂದೆ ಸಾಲಾಗಿ ನಿಂತರು.

ದಾರಿಹೋಕ ಊರೊಳಗೆ ಬಂದ. ಕುರಿಯವನು ಕಂಬಳಿ ಸರಿಮಾಡಿಕೊಂಡು ಹವಾಮಾನದ ಮಾತು ತೆಗೆದ. ಬಸವಪ್ರಸಾದ್ ಪೂರ್ತಿ ಕೇಳಿದರು. ಉತ್ತರ ಒತ್ತಿದರು. ಕುರಿಯ ಕಥೆ ಮುಗಿಯುವವರೆಗೆ ಕಾದರು.

"ಇವನು ಕುರುಬನೋ, ಆಕಾಶವಾಣಿಯೋನೋ?" ಎಂದರು. "ನಮ್ ಕಡೆ ಯಾರಾದ್ರೂ ಕುರಿ ಹಟ್ಟೀಲಿ ನಿಂತು ಹಿಂಗೆ ಮಾತಾಡಿದ್ರೆ, ದೆವ್ವ ಮೆಟ್ಟಿಕೊಂಡೈತೆ ಅಂತ ಬೇವಿನಸೊಪ್ಪಲ್ಲಿ ಇಕ್ತಾರೆ."

ಎಲ್ಲರೂ ನಕ್ಕರು. ವಸಿಷ್ಠನೂ ನಕ್ಕ. "ಅದು ಒಂಥರಾ ಶೈಲಿ ಸಾರ್."

"ಶೈಲಿ. ಸರಿ. ನಿಲ್ಲಿಸೋದು ಹೆಂಗೆ ಇವನ್ನ?"

"ನಿಲ್ಲಿಸೋಕಾಗಲ್ಲ ಸಾರ್," ಎಂದಳು ಶೈಲಶ್ರೀ.

ಬೇವಿನಕಟ್ಟೆ ದಾಟುವಾಗ ಮುದುಕಿ ಎದ್ದು ಬಂದಳು. "ಯಾರವ್ವಾ ನೀನು? ಬಿಸ್ಲಾಗೆ ನಿಂತಿದ್ದೀಯಲ್ಲ ತಾಯಿ, ಒಳಾಕೆ ಬಾ. ಉಂಡ್ಯಾ?"

ಹಿಂದೆ ನಿಂತವರು ನಗಲು ಸಿದ್ಧವಾಗಿದ್ದರು. ಬಸವಪ್ರಸಾದ್ ನಗಲಿಲ್ಲ. ಕೈಯಲ್ಲಿದ್ದ ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯನ್ನೇ ನೋಡಿದರು. ಮುದುಕಿ ಇನ್ನೊಂದು ಸಲ ಕೇಳಿದಳು.

"ಇಡೀ ಊರಲ್ಲಿ ಇವಳೊಬ್ಬಳೇ ಮನುಷ್ಯಳಂಗೆ ಮಾತಾಡ್ತಿರೋದು," ಎಂದರು ಅವರು. "ಅವಳ್ನೇ ಹುಚ್ಚಿ ಮಾಡಿದ್ದೀರಲ್ರಯ್ಯ. ಯಾರು ಬರೆದಿದ್ದು ಇದನ್ನ?"

 ಸುಮೇಧ ಶೈಲಶ್ರೀಯ ಕಡೆ ನೋಡಿದ.

"ನಾನೇ ಸಾರ್," ಎಂದ ವಸಿಷ್ಠ. "ಹಳ್ಳಿ ಹಳ್ಳಿ ಸುತ್ತಿ, ತುಂಬಾ ಜನರನ್ನ ಮಾತಾಡಿಸಿ ಬರೆದಿದ್ದು."

"ಒಳ್ಳೇ ಕಿವಿ ಐತೆ ನಿಂಗೆ."

"ಥ್ಯಾಂಕ್ಯೂ ಸಾರ್."

ಶೈಲಶ್ರೀ ಮುಂದಿನ ಗುಂಡಿ ತೋರಿಸಿದಳು. ದಾರಿಹೋಕ ಗೌಡ್ತಿಯ ಮನೆಯ ಮುಂದೆ ಬಂದ. ಬಸವಪ್ರಸಾದ್ ಮಜ್ಜಿಗೆ ಕೇಳಿದರು, ಕುಡಿದರು. ಖಾಲಿ ಗಡಿಗೆ ದಾರಿಹೋಕನ ಕೈಯಲ್ಲಿ ಉಳಿಯಿತು.

"ಇದನ್ನ ವಾಪಸ್ ಕೊಡಬೇಕಲ್ಲ. ಒಳಗೇನಾದ್ರೂ ಹಾಕೋದು ಹೆಂಗಮ್ಮ?"

"ಹಾಕೋಕಾಗಲ್ಲ ಸಾರ್. ಬರಿದಾಗೇ ಕೊಡಬೇಕು."

"ಥೂ, ಬರಿದಾಗಾ?" ಮನಸ್ಸಿಲ್ಲದೆ ಕೊಟ್ಟರು. ಪಟ್ಟಿ ಐದು ಏರಿತು. ಪಥಿಕನೇ, ನಿನ್ನ ಪ್ರಾಮಾಣಿಕತೆಯು ನನ್ನ ಹೃದಯವನ್ನು ತಟ್ಟಿತು. ಬಸವಪ್ರಸಾದ್ ಹುಬ್ಬು ಮೇಲೇರಿಸಿದರು. ನಲವತ್ತು ವರ್ಷ ಅಂಗಡಿಯ ಗಲ್ಲಾದ ಮುಂದೆ ಕೂತ ಮನುಷ್ಯ. ಯಾವುದು ಪುಕ್ಕಟೆ ಬರುತ್ತಿದೆ ಎನ್ನುವುದು ಅವರ ಕಣ್ಣಿಗೆ ಬೇಗ ಬೀಳುತ್ತಿತ್ತು.

"ಮಜ್ಜಿಗೇನೂ ಕೊಟ್ಲು, ಮೇಲೆ ನಂಬಿಕೇನೂ ಕೊಟ್ಲು." ಪಕ್ಕಕ್ಕೆ ತಿರುಗಿದರು. "ಇನ್ನೊಂದು ಸಲ ಇಸ್ಕೊಬಹುದೇನಮ್ಮ?"

ಹಿಂದಿನಿಂದ ವಸಿಷ್ಠ, "ಸಾರ್, ಮುಂದೆ ಕೆರೆ ಏರಿ ಇದೆ, ಅಲ್ಲಿ ಸೂರ್ಯಾಸ್ತ ತುಂಬಾ ಚೆನ್ನಾಗಿ..." ಎನ್ನುತ್ತಿದ್ದ. ಅವನಿಗೆ ಗಡಿಗೆಯ ನಿಯಮದ ಈ ತೂತಿನ ವಿಷಯ ಗೊತ್ತಿರಲಿಲ್ಲ. ಅವನಿಗೆ ಅವಸರ ಮಾತ್ರ ಇತ್ತು. ಈಗ ಬೇಡ ಸಾರ್, ಅದು ಹಗಲಿಗೆ ಒಂದೇ ಸಲ, ಎಂದು ಶೈಲಶ್ರೀ ಹೇಳಿದ್ದರೆ ಅವರು ದಾರಿಹೋಕನನ್ನು ಏರಿಯ ಕಡೆಗೆ ನಡೆಸುತ್ತಿದ್ದರು.

"ಇಸ್ಕೊಬಹುದು ಸಾರ್," ಎಂದಳು ಅವಳು. "ಎಷ್ಟು ಸಲ ಬೇಕಾದ್ರೂ."

ಮೂರನೆಯ ಸಲಕ್ಕೆ ಬಸವಪ್ರಸಾದರಿಗೆ ಆಟ ಹಿಡಿಯಿತು. ಏಳನೆಯ ಸಲಕ್ಕೆ ಗೌಡ್ತಿಯ ಜೊತೆ ತಾವೂ ರಾಗವಾಗಿ ಹೇಳತೊಡಗಿದರು: "ಪಥಿಕನೇ, ನಿನ್ನ ಪ್ರಾಮಾಣಿಕತೆಯು..." ಹತ್ತಾಗುವಾಗ ಹಿಂದಿನ ಸಾಲಿನ ನಗು ನಿಂತಿತು. ಸುಮೇಧ ಬಾಯಿಗೆ ಕೈ ಅಡ್ಡ ಹಿಡಿದ. ಜ್ಯೋತ್ಸ್ನಾ ವಸಿಷ್ಠನನ್ನು ನೋಡಿದಳು. ವಸಿಷ್ಠ ಪಟ್ಟಿಯನ್ನೇ ನೋಡುತ್ತಿದ್ದ. ಐವತ್ತೈದು. ಅರವತ್ತು. 

"ಸಾರ್, ಸಾಕು ಸಾರ್, ಅದೊಂದು ಸಣ್ಣ ತಪ್ಪು..."

"ಇರಯ್ಯ, ಇಷ್ಟು ಕುಡಿದಿದ್ದೀನಿ, ಬಿಡೋಕಾಗುತ್ತಾ?"

ಇಪ್ಪತ್ತನೆಯ ಗಡಿಗೆಗೆ ಗೌಡ್ತಿ ಸೊಂಟಕ್ಕೆ ಕೈ ಹಾಕಿದಳು. ಬೀಗದಕೈ ಬಂತು. ಶೈಲಶ್ರೀ ತೂಬಿನ ಮನೆಯ ದಾರಿ ತೋರಿಸಿದಳು. ಕೆರೆಗೆ ನೀರು ನುಗ್ಗಿತು. ಪರದೆಯ ತುಂಬ 'ಕಥೆ, ನಿಯಮ, ಸಂಭಾಷಣೆ: ವಸಿಷ್ಠ' ಎಂದು ದೊಡ್ಡ ಅಕ್ಷರದಲ್ಲಿ ಬಂತು.

ಬಸವಪ್ರಸಾದ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಇಪ್ಪತ್ತು ಗಡಿಗೆ ಮಜ್ಜಿಗೆ ಕುಡಿದೋನಿಗೆ ಕೆರೆ ಬೀಗ ಬಿಚ್ಚಿ ಕೊಟ್ಲಲ್ರೋ! ಗೌಡ ಎಲ್ಲಿ ಸತ್ತ, ಮನೇಲಿರಲಿಲ್ವಾ?" ಟವಲಿನಿಂದ ಕಣ್ಣೊರೆಸಿಕೊಂಡರು. "ಐದು ವರ್ಷ ಮಾಡಿದ್ದು ಇದೇನಾ? ನಮ್ಮ ಅಂಗಡಿ ಕೂಲಿಯೋರು ಮಧ್ಯಾಹ್ನ ಊಟಕ್ಕೆ ಕೂತಾಗ ಆಡಿ ಮುಗಿಸ್ತಾರಲ್ಲಯ್ಯ."

 ಅವರು ಎದ್ದರು. ಜ್ಯೋತ್ಸ್ನಾ ಕಾಫಿ ಎಂದಳು. "ಬ್ಯಾಡಮ್ಮ, ಮಜ್ಜಿಗೆ ಹೊಟ್ಟೆ ತುಂಬೈತೆ," ಎಂದು ಮತ್ತೆ ನಕ್ಕು ಮೆಟ್ಟಿಲಿಳಿದರು. ಕಾರಿನ ಬಾಗಿಲು ಹಾಕಿಕೊಂಡ ಮೇಲೂ ಅವರ ನಗು ಕೇಳಿಸುತ್ತಿತ್ತು. ಸಂಜೆ ಅವರ ಅಂಗಡಿಯಿಂದ ಯಾರೋ ಫೋನು ಮಾಡಿ, ಸಾಹೇಬರು ಶ್ರಾವಣಕ್ಕೆ ಕಾಯಬೇಡಿ ಅಂದಿದ್ದಾರೆ ಎಂದು ಹೇಳಿದರು.

ಶುಕ್ರವಾರ ಜ್ಯೋತ್ಸ್ನಾ ಎಲ್ಲರನ್ನೂ ಕೂರಿಸಿಕೊಂಡು ಸುತ್ತುಬಳಸದೆ ಹೇಳಿದಳು. ಕೆಂಚನಹಟ್ಟಿ ಇಲ್ಲಿಗೆ ನಿಂತಿತು. ಮೂರು ಜನರನ್ನಿಟ್ಟುಕೊಂಡು ಮಕ್ಕಳ ಲೆಕ್ಕದ ಆಟವೊಂದನ್ನು ಮಾಡುತ್ತೇನೆ, ಉಳಿದವರಿಗೆ ಈ ತಿಂಗಳೇ ಕೊನೆ. ಆ ಮೂವರು ಯಾರೆಂದು ಸೋಮವಾರ ಹೇಳುತ್ತೇನೆ, ಅಷ್ಟರೊಳಗೆ ಬಗ್ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದುತ್ತೇನೆ. ಯಾರು ಏನು ಮಾಡಿದ್ದಾರೆ ನೋಡಬೇಕು.

ನಾಲ್ಕು ಗಂಟೆಗೆ ಶೈಲಶ್ರೀ ಬ್ಯಾಗು ತೆಗೆದುಕೊಳ್ಳುವಾಗ ವಸಿಷ್ಠ ಮೆಟ್ಟಿಲ ಹತ್ತಿರ ಕಾದಿದ್ದ. ಅಂಗಿ ನಿನ್ನೆಯದೇ.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಯಾವಾಗಿಂದ?"

"ಸೋಮವಾರದಿಂದ."

ಅವನು ಗೋಡೆಗೆ ಒರಗಿದ. ಸಿಟ್ಟು ಬರುವುದೆಂದು ಅವಳು ಕಾದಳು. ಬರಲಿಲ್ಲ. "ಆಯ್ತು. ಅದನ್ನ ಬಿಡು," ಎಂದ. "ಆ ಪಟ್ಟೀಲಿ ನಿನ್ನ ಮೂರು ಗಡಿಗೆ ರಿಪೋರ್ಟ್ ಇದೆ, ಕೆಳಗೆ ನಾನು ಬರೆದಿರೋದೂ ಇದೆ. ನೀನು ಹಾಕಿದ್ದನ್ನ ನೀನು ಮಾತ್ರ ಅಳಿಸಬಹುದು. ಅಳಿಸಿಬಿಡು ಶೈಲಾ. ಅದನ್ನ ಓದಿದ್ರೆ ಜ್ಯೋತ್ಸ್ನಾ ನನ್ನ ಇಟ್ಕೊಳ್ಳಲ್ಲ. ನಂಗೆ ನಲವತ್ತು ಹತ್ರ ಬಂತು. ಐದು ವರ್ಷ ಏನು ಮಾಡಿದೆ ಅಂತ ಯಾರಾದ್ರೂ ಕೇಳಿದ್ರೆ ತೋರಿಸೋಕೆ ಏನೂ ಇಲ್ಲ."

"ಇಲ್ಲ ಸಾರ್."

"ಏನಿಲ್ಲ?"

"ಅಳಿಸಲ್ಲ."

"ನಿಂಗೆ ಮೊದಲೇ ಗೊತ್ತಿತ್ತು ಅಂತ ನಾನೂ ಹೇಳ್ತೀನಿ ಹಾಗಾದ್ರೆ. ನಿನ್ನೂ ಇಟ್ಕೊಳ್ಳಲ್ಲ."

"ಹೇಳಿ."

"ತಂಗಿ ಓದು?"

ಅವಳು ಬ್ಯಾಗಿನ ಜಿಪ್ಪು ಎಳೆದಳು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಎಳೆದಳು.

"ಮೂರು ಕಡೆ ನಿನ್ನ ಬಾಗಿಲಿಂದ ಓಡಿಸಿದ್ರು," ಎಂದ ವಸಿಷ್ಠ. ಈಗ ಅವನ ದನಿ ಒಡೆಯಿತು. "ಯಾರಿಗೂ ಬೇಡದೋಳನ್ನ ಒಳಗೆ ಕರ್ಕೊಂಡೋನು ನಾನು. ಅದಕ್ಕೆ ಇಷ್ಟು ಮಾಡೋಕಾಗಲ್ವಾ ನಿನ್ನ ಕೈಲಿ? ಒಂದೇ ಒಂದು ಸಲ?"

"ನೀವು ಕರ್ಕೊಂಡಿದ್ದು ಸುಳ್ಳಲ್ಲ ಸಾರ್. ಆ ಋಣ ನನ್ನ ಮೇಲಿದೆ. ಇಲ್ಲ ಅನ್ನಲ್ಲ."

"ಮತ್ತೆ?"

"ಇರ್ಲಿ. ತೀರಿಸಲ್ಲ."

ಅವಳು ಮೆಟ್ಟಿಲಿಳಿದಳು. ಗಾಳಿಗೆ ರಸ್ತೆಯ ಧೂಳು ಎದ್ದು ಕಣ್ಣಿಗೆ ಬಡಿಯುತ್ತಿತ್ತು, ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ನಡೆದಳು. ಬನಶಂಕರಿಯ ಬಸ್ಸು ಬೇಗ ಬಂತು. ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು.